ಕರುಗಲ್ಲ ಮುಂದಿನ ಹನ್ನೆರಡು ಹೆಜ್ಜೆ

ನಲ್ಲಪ್ಪನವರು ಅರವತ್ತಡಿ ಅಗಲದ ಡಾಂಬರು ರಸ್ತೆಯ ಮೇಲೂ ಹೊಲದ ಬದುವಿನ ಮೇಲೆ ನಡೆದಂತೆಯೇ ನಡೆಯುತ್ತಿದ್ದರು. ಒಂದು ಪಾದವನ್ನು ಇನ್ನೊಂದರ ನೇರಕ್ಕೆ, ಹೆಬ್ಬೆರಳಿಗೆ ಹಿಮ್ಮಡಿ ತಾಗುವಷ್ಟು ಸಮೀಪಕ್ಕೆ ಇಟ್ಟು, ಹಾಲಿನ ಕ್ಯಾನು ಹಿಡಿಯದ ಕೈಯನ್ನು ಮೈಯಿಂದ ತುಸು ದೂರ ಚಾಚಿ, ಎಡಕ್ಕೆ ಸರಿದರೆ ನೀರು, ಬಲಕ್ಕೆ ಸರಿದರೆ ಪೈರು ಎಂಬ ಎಚ್ಚರ ಇನ್ನೂ ಕಾಲುಗಳಲ್ಲಿ ಉಳಿದವರಂತೆ ಅವರು ಬೆಳಗಿನ ಆರೂಕಾಲಿಗೆ ನಮ್ಮ ಅಪಾರ್ಟ್‌ಮೆಂಟಿನ ಕಡೆಗೆ ಬರುವುದನ್ನು ನಾನು ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಆರು ವರ್ಷ ನೋಡಿದ್ದೇನೆ. ಹೊಸೂರು ರಸ್ತೆಯಿಂದ ಒಳಕ್ಕೆ ತಿರುಗುವ ಕಾರ್ಖಾನೆಯ ಬಸ್ಸುಗಳು, ಕಂಪನಿಯ ಕ್ಯಾಬುಗಳು, ಶಾಲೆಯ ವ್ಯಾನುಗಳು ಹಾರನ್ನು ಬಾರಿಸಿ ಬಾರಿಸಿ ಸೋತು ಕೊನೆಗೆ ಅವರನ್ನು ಬಳಸಿಕೊಂಡು ಹೋಗುತ್ತಿದ್ದವು. ಬದುವಿನ ಮೇಲೆ ಪಕ್ಕಕ್ಕೆ ಸರಿಯಲು ಜಾಗವೆಲ್ಲಿರುತ್ತದೆ? ಹೆಬ್ಬಗೋಡಿಯ ಡ್ರೈವರುಗಳಿಗೆ ಈ ಸಂಗತಿ ಚೆನ್ನಾಗಿ ಅಭ್ಯಾಸವಾಗಿತ್ತು.

ಅವರ ಮೈಮೇಲೆ ಬೇಸಿಗೆ ಚಳಿಗಾಲಗಳ ಭೇದವಿಲ್ಲದೆ ಒಂದು ಕಡುನೀಲಿ ಉಣ್ಣೆಯ ಕೋಟು ಇರುತ್ತಿತ್ತು. ಎಂಬತ್ತರ ದಶಕದಲ್ಲಿ ಅವರ ಹೊಲದ ಒಂದು ಭಾಗ ಯಾವುದೋ ಕಾರ್ಖಾನೆಗೆ ಹೋದಾಗ, ಮನೆಗೊಂದು ಕೆಲಸ ಎಂಬ ಮಾತಿನಂತೆ ಅವರಿಗೆ ಅದೇ ಕಾರ್ಖಾನೆಯ ಗೇಟು ಕಾಯುವ ಕೆಲಸ ಸಿಕ್ಕಿತ್ತು, ಹನ್ನೆರಡು ವರ್ಷ ಕಾದರು, ಕಾರ್ಖಾನೆ ಮುಚ್ಚಿತು, ಕೋಟು ಉಳಿಯಿತು. ಐದು ಹಿತ್ತಾಳೆಯ ಗುಂಡಿಗಳಲ್ಲಿ ಒಂದು ಬಿದ್ದುಹೋಗಿ ಅದರ ಜಾಗದಲ್ಲಿ ಹೆಂಡತಿ ಸೊಣ್ಣಮ್ಮ ಹೊಲಿದ ಬಿಳಿಯ ಅಂಗಿಗುಂಡಿಯೊಂದು ಅಧಿಕಾರಿಗಳ ನಡುವೆ ಬಂದು ಕುಳಿತ ನೆಂಟನಂತೆ ಕಾಣುತ್ತಿತ್ತು. ಎಡಜೇಬಿನಲ್ಲಿ ಹುರಿದ ಕಡಲೆಕಾಯಿ, ಬಲಜೇಬಿನಲ್ಲಿ ಒಂದು ಮಾರು ಹಗ್ಗ. ಕಡಲೆಕಾಯಿ ಮಕ್ಕಳಿಗೆ, ಹಗ್ಗ ಯಾತಕ್ಕೆಂದು ನಾನು ಒಮ್ಮೆ ಕೇಳಿದ್ದಕ್ಕೆ, “ದನ ಕಟ್ಟೋನ್ ಜೇಬ್ನಾಗೆ ಅಗ್ಗ ಇಲ್ದೆ ಇನ್ನೇನ್ ಪೆನ್ ಇರ್ತದಾ ಸಾ? ಬುಡಿ ಅತ್ಲಾಗೆ” ಎಂದಿದ್ದರು. ‘ಬುಡಿ ಅತ್ಲಾಗೆ’ ಎಂಬುದು ಅವರ ಎಲ್ಲ ಮಾತುಗಳ ಪೂರ್ಣವಿರಾಮ. ಸಂತೋಷಕ್ಕೂ ಅದೇ, ಸಂಕಟಕ್ಕೂ ಅದೇ. ಯಾವುದು ಯಾವುದಕ್ಕೆ ಎಂದು ಕೇಳುವವರು ಅವರ ಮುಖ ನೋಡಿ ತಿಳಿದುಕೊಳ್ಳಬೇಕಿತ್ತು.

ನಾನು ಚಂದಾಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ಮೇಷ್ಟ್ರು. ಅಂದರೆ ಎದುರಿಗಿರುವವರು ಕೇಳಲಿ ಬಿಡಲಿ, ತಿದ್ದುವ ಚಪಲ ನನಗೆ ವೃತ್ತಿಯಿಂದಲೇ ಬಂದದ್ದು. ನಲ್ಲಪ್ಪನವರು ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಒಳಗೆ ಬರುವುದನ್ನು ಕಂಡು ಮೊದಲ ತಿಂಗಳಲ್ಲೇ ನನ್ನ ರಕ್ತ ಕುದಿಯಿತು. ಯಾರು ಇವರಿಗೆ ಹೀಗೆ ಹೇಳಿದ್ದು? ನಾವೇನು ದೊರೆಗಳೇ? ಒಂದು ಬೆಳಿಗ್ಗೆ ಗೇಟಿನ ಬಳಿಯೇ ಅವರನ್ನು ತಡೆದು ಸಮಾನತೆಯ ಮೇಲೆ ಸಾಕಷ್ಟು ದೀರ್ಘವಾದ ಒಂದು ಉಪನ್ಯಾಸ ಮಾಡಿದೆ. ಅವರು ಕ್ಯಾನು ಕೆಳಗಿಟ್ಟು, ಕೊನೆಯವರೆಗೂ ಕೇಳಿ, ನಮ್ಮ ಕಾರುಗಳು ಸಾಲಾಗಿ ನಿಂತ ಜಾಗವನ್ನು ಗಲ್ಲದಿಂದ ತೋರಿಸಿದರು.

“ಅಲ್ ಐತಲ್ಲ ಸಾ, ನಿಮ್ ಕಾರ್ ನಿಂತಿರೋದು, ಅದು ನಮ್ ಕಣ ಆಗಿತ್ತು. ನಮ್ಮಪ್ಪನ್ ಕಾಲ್ದಿಂದ. ಕಣ್ದಾಗೆ ಯಾರಾನ ಮೆಟ್ಟಾಕ್ಕಂಡ್ ಓಗ್ತಾರಾ?”

ರಾಗಿ ಒಕ್ಕುವ ಕಣದಲ್ಲಿ ಚಪ್ಪಲಿ ಮೆಟ್ಟಬಾರದೆಂಬುದು ನನಗೂ ಗೊತ್ತಿದ್ದ ವಿಷಯವೇ. ನನ್ನ ಕಾರಿನ ನಾಲ್ಕು ಚಕ್ರಗಳು ಮಾತ್ರ ಅಲ್ಲಿ ನಿಶ್ಚಿಂತೆಯಿಂದ ನಿಂತಿದ್ದವು. ಅವರೇ ನನ್ನ ಮುಜುಗರ ನೋಡಿ, “ಬುಡಿ ಅತ್ಲಾಗೆ, ನೀವೇನ್ ಕಂಡಿದ್ರಾ” ಎಂದು ಸಮಾಧಾನ ಮಾಡಿ, ಲಿಫ್ಟನ್ನು ಎಂದಿನಂತೆ ಉಪೇಕ್ಷಿಸಿ, ಮೆಟ್ಟಿಲು ಹತ್ತಿ ಹೋದರು. ಅಂದಿನಿಂದ ನಮ್ಮ ಮನೆಯ ಪಾತ್ರೆಗೆ ಲೀಟರಿನ ಮೇಲೆ ಅವರು ಹಾಕುವ ಕೊಸರು ತುಸು ಹೆಚ್ಚಾಯಿತೆಂದು ನನ್ನ ಹೆಂಡತಿಯ ಅಭಿಪ್ರಾಯ.

ಇಂಥ ಮನುಷ್ಯರು ಆರು ವರ್ಷಗಳಲ್ಲಿ ನಮ್ಮಿಂದ ಕೇಳಿದ್ದು ಒಂದೇ ಒಂದು ವಸ್ತು.

ಎರಡು ಸಾವಿರದ ಹದಿಮೂರರ ಜನವರಿ. ನಮ್ಮ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ಕೊಟ್ರೇಶ್, ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ ‘ಫ್ಯಾಮಿಲಿ ಡೇ’ ಎಂದು ಘೋಷಿಸಿದರು. ಕೊಟ್ಟೂರಿನ ಕಡೆಯವರಾದ ಈ ಕೊಟ್ರೇಶ್ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಮ್ಯಾನೇಜರು. ಹೃದಯದಿಂದ ಉದಾರಿ, ಕಾಗದದ ಮೇಲೆ ಕಠೋರ. ಅವರ ಯೋಜನೆಯ ಪ್ರಕಾರ ಬೆಳಿಗ್ಗೆ ಏಳಕ್ಕೆ ಹತ್ತು ವರ್ಷದೊಳಗಿನ ಮಕ್ಕಳ ಎರಡು ಕಿಲೋಮೀಟರ್ ಫನ್ ರನ್, ಎಂಟೂವರೆಗೆ ಉಪ್ಪಿಟ್ಟು ಕೇಸರಿಬಾತು, ಹತ್ತಕ್ಕೆ ಬಾಡಿಗೆ ಬಸ್ಸಿನಲ್ಲಿ ಮಕ್ಕಳು ಮರಿಗಳೊಂದಿಗೆ ಬನ್ನೇರುಘಟ್ಟದ ಮೃಗಾಲಯ, ಸಂಜೆ ಆರಕ್ಕೆ ವಾಪಸ್ಸು. ಓಡಿದ ಎಲ್ಲರಿಗೂ ಒಂದೊಂದು ಪದಕ, ಮೊದಲ ಮೂವರಿಗೆ ಮಾತ್ರ ಕಪ್ಪು. ಓಟದ ಹೆಸರಿಗೆ ವಿನೋದವನ್ನು ಅಂಟಿಸಿಬಿಟ್ಟರೆ ಸೋತವರಿಗೆ ಅಳು ಬರುವುದಿಲ್ಲ ಎಂಬ ನಂಬಿಕೆ ದೊಡ್ಡವರಲ್ಲಿ ಹೇಗೆ ಹುಟ್ಟಿತೋ ಕಾಣೆ.

ಲಿಫ್ಟಿನ ಪಕ್ಕದ ಫಲಕದಲ್ಲಿ ಇದರ ಚೀಟಿ ಬಿದ್ದ ಮಾರನೆಯ ದಿನ ನಲ್ಲಪ್ಪನವರು ಹಾಲು ಅಳೆದು ಹಾಕಿದ ಮೇಲೂ ನಮ್ಮ ಬಾಗಿಲಲ್ಲೇ ನಿಂತರು. ಕೋಟಿನ ಬಿಳಿ ಗುಂಡಿಯನ್ನು ಬಿಚ್ಚಿದರು, ಹಾಕಿದರು.

“ಸಾ, ಒಂದ್ ಮಾತು. ನಮ್ ಸಿದ್ದಾರ್ತಂಗೂ ಒಂದ್ ನಂಬ್ರು ಕೊಡ್ಸಿ.”

“ಎಂಥ ನಂಬರು?”

“ಎದೆ ಮ್ಯಾಲೆ ಪಿನ್ನಾಕ್ತಾರಲ್ಲ ಓಡೋ ಮಕ್ಳಿಗೆ, ಅದು. ಅವನೂ ಓಡ್ತಾನೆ. ನೋಡಿ ಬೇಕಾದ್ರೆ, ಪಸ್ಟ್ ಬತ್ತಾನೆ.”

ಸಿದ್ಧಾರ್ಥ್ ಅವರ ಮೊಮ್ಮಗ. ಎಂಟು ವರ್ಷ, ಮೂರನೆಯ ತರಗತಿ. ತಂದೆ ರಾಜೇಂದ್ರ ಕಂಪನಿಗಳಿಗೆ ಕ್ಯಾಬು ಓಡಿಸುವವನಾದ್ದರಿಂದ ಅವನ ನಿದ್ದೆಯ ಹೊತ್ತಿಗೆ ಮಗ ಶಾಲೆಗೆ, ಮಗನ ನಿದ್ದೆಯ ಹೊತ್ತಿಗೆ ಅವನು ರಸ್ತೆಗೆ. ಹುಡುಗ ಬೆಳೆದದ್ದು ತಾತನ ಕೋಟು ಹಿಡಿದುಕೊಂಡೇ. ಅವನ ಶಾಲೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೂ ಇದ್ದರು. ಸೋಮವಾರ ಅವರೆಲ್ಲ ಭಾನುವಾರದ ಆಟಗಳ ಮಾತಾಡುವಾಗ ಇವನು ಗೋಡೆಯ ಆಚೆಯವನು. ಇದನ್ನೆಲ್ಲ ನಲ್ಲಪ್ಪನವರು ಹೇಳಲಿಲ್ಲ. ‘ಪಸ್ಟ್ ಬತ್ತಾನೆ’ ಎಂಬ ಎರಡು ಮಾತಿನಲ್ಲಿ ಅದೆಲ್ಲ ಇತ್ತು.

ನಾನು ಕೊಟ್ರೇಶರ ಬಳಿ ಹೋದೆ. “ನೋಡ್ರಿ ಸರ್, ರೂಲ್ ಏನೈತಿ ಅಂದ್ರೆ, ರೆಸಿಡೆಂಟ್ಸ್ ಮಕ್ಕಳು ಮಾತ್ರ. ಇವತ್ತು ಒಬ್ಬರಿಗೆ ಬಿಟ್ರೆ ನಾಳೆ ಹತ್ತು ಮಂದಿ ಕೇಳ್ತಾರ್ರಿ” ಎಂದರು. ಆಮೇಲೆ ತಲೆ ಕೆರೆದುಕೊಂಡು, ಅದೇ ಕಾಗದದ ಮೂರನೆಯ ಪುಟದಲ್ಲಿ ಒಂದು ಸಂದು ಹುಡುಕಿ ಕೊಟ್ಟವರೂ ಅವರೇ. ದಾರಿಯಲ್ಲಿ ನಿಂತು ಮಕ್ಕಳಿಗೆ ದಿಕ್ಕು ತೋರಿಸುವ ಸ್ವಯಂಸೇವಕರ ಮಕ್ಕಳು ಮೊಮ್ಮಕ್ಕಳು ಓಡಬಹುದು, ಬಸ್ಸಿಗೂ ಬರಬಹುದು. ನಲ್ಲಪ್ಪನವರು ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲಲಿ. ಹೀಗೆ ಸಿದ್ಧಾರ್ಥನಿಗೆ ನಲವತ್ತೇಳನೆಯ ನಂಬರು ಸಿಕ್ಕಿತು, ನಲ್ಲಪ್ಪನವರಿಗೆ ಕಿತ್ತಳೆ ಬಣ್ಣದ ಒಂದು ಬಾವುಟ.

ಮುಂದಿನ ಹದಿನೈದು ದಿನ ಆ ಮನೆಯಲ್ಲಿ ನಡೆದ ತರಬೇತಿಯನ್ನು ನಾನು ಕಣ್ಣಾರೆ ಕಂಡೆ, ಏಕೆಂದರೆ ಆರು ವರ್ಷದ ನನ್ನ ಮಗಳು ಸ್ಫೂರ್ತಿ ಅದನ್ನು ನೋಡದೆ ಸಂಜೆ ಊಟಕ್ಕೆ ಬರುತ್ತಿರಲಿಲ್ಲ. ಹಾಲು ಕರೆಯುವ ಹೊತ್ತಿಗೆ ದೂರದ ಗೂಟಕ್ಕೆ ಕಟ್ಟಿದ ಕರುವನ್ನು ಬಿಚ್ಚುತ್ತಾರಷ್ಟೆ. ದಿನವಿಡೀ ಹಸಿದ ಅದು ತಾಯಿಯ ಕಡೆಗೆ ಬಾಲವೆತ್ತಿ ಹಾರುತ್ತದೆ. ನಲ್ಲಪ್ಪನವರು ಸಿದ್ಧಾರ್ಥನನ್ನು ಅದರ ಪಕ್ಕದಲ್ಲೇ ನಿಲ್ಲಿಸಿ ಇಬ್ಬರನ್ನೂ ಒಟ್ಟಿಗೆ ಬಿಡುತ್ತಿದ್ದರು. ಮೊದಲ ವಾರ ಕರು ಗೆದ್ದಿತು. ಎರಡನೆಯ ವಾರದ ಕೊನೆಗೆ ಹುಡುಗ ಒಂದು ಮಾರು ಮುಂದೆ ತಲುಪಿ ಹಸುವಿನ ಕೊರಳು ತಬ್ಬಿಕೊಂಡ. ಹಸು ಬಂದವರಾರೆಂದು ನೋಡದೆ ಅವನ ಕೆನ್ನೆಯನ್ನೇ ನೆಕ್ಕಿತು. ನಲ್ಲಪ್ಪನವರು ಬಿದ್ದು ಬಿದ್ದು ನಕ್ಕರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಹಿಂದೆ ಕಂಡಿರಲಿಲ್ಲ, ಹಿತವೆನಿಸಿತು.

ಆ ಭಾನುವಾರ ಬೆಳಿಗ್ಗೆ ಐದೂವರೆಗೆ ಇಡೀ ಅಪಾರ್ಟ್‌ಮೆಂಟಿನಲ್ಲಿ ದೀಪ ಹತ್ತಿತ್ತು. ಕಾಣೆಯಾದ ಒಂಟಿ ಕಾಲುಚೀಲ, ಪಿನ್ನು ಚುಚ್ಚಿದ ಬೆರಳು, ಹಾಲು ಬೇಡವೆನ್ನುವ ಹಟ, ಶೌಚಕ್ಕೆ ಈಗ ತಾನೇ ಹೋಗಿ ಮತ್ತೆ ಹೋಗಬೇಕೆನ್ನುವ ಅವಸರ. ಯಾವ ಮನೆಯ ಬಾಗಿಲು ತೆರೆದರೂ ಒಂದೇ ಸದ್ದು. ಮಂಜು ಕವಿದಿತ್ತು. ಸ್ಫೂರ್ತಿ ತಾಯಿಯ ಕೈ ಹಿಡಿದು, ಓಡುವುದೋ ಬೇಡವೋ ಎಂದು ಇನ್ನೂ ನಿರ್ಧರಿಸದ ಮುಖದಲ್ಲಿ ನಿಂತಿದ್ದಳು. ಸಿದ್ಧಾರ್ಥ ಹೊಸ ಬಿಳಿ ಕ್ಯಾನ್ವಾಸ್ ಷೂ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆಸಿಕೊಂಡು, ಎದೆಯ ನಲವತ್ತೇಳನ್ನು ಅಂಗೈಯಿಂದ ಸವರಿ ಸವರಿ ನೋಡಿಕೊಳ್ಳುತ್ತಿದ್ದ.

ಆರೂವರೆಗೆ ಕೊಟ್ರೇಶ್ ಓಡೋಡಿ ಬಂದರು. ನಿಗದಿಯಾದ ರಸ್ತೆಯನ್ನು ಯಾರೋ ಪೈಪು ಹಾಕಲು ಅಗೆದುಬಿಟ್ಟಿದ್ದರು. ಐದೇ ನಿಮಿಷದಲ್ಲಿ ಅವರು ಬೇರೆ ದಾರಿ ಬರೆದರು: ಗೇಟಿನಿಂದ ಕೆರೆಯ ಏರಿಗೆ, ಏರಿ ಇಳಿದು ಹಳ್ಳಿಯ ಬೆನ್ನಿಗೆ, ಅಲ್ಲಿಂದ ಹಳ್ಳಿಯ ಬಾಯಿಗೆ ಬಂದು ಬಲಕ್ಕೆ ತಿರುಗಿ ನೇರ ರಸ್ತೆಯಲ್ಲಿ ಮತ್ತೆ ಗೇಟಿಗೆ. “ಯಜಮಾನ್ರೆ, ನೀವು ಆ ತಿರುವಿನಾಗ ನಿಂತುಬಿಡ್ರಿ. ಸರ್, ನೀವೂ ಅಲ್ಲೇ ಇರ್ರಿ, ನೀರಿನ ಮೇಜು ನಿಮ್ದು. ಮಕ್ಕಳು ತಮ್ಮ ಕಾಲಿನ ಮೇಲೇ ದಾಟಬೇಕು, ಅಪ್ಪ ಅಮ್ಮ ಎತ್ಕೊಳ್ಳೋ ಹಂಗಿಲ್ಲ, ನೋಡ್ಕೋರಿ” ಎಂದು ಅಪ್ಪಣೆಯಾಯಿತು. ನಲ್ಲಪ್ಪನವರು ನಕ್ಷೆಯ ಮೇಲೆ ಕೊಟ್ರೇಶರ ಬೆರಳು ನಿಂತ ಜಾಗವನ್ನೇ ನೋಡಿದರು. ಬಾಯಿ ತೆರೆದವರು ಮುಚ್ಚಿಕೊಂಡರು. ಮೊಮ್ಮಗನ ಎದೆಯ ಮೇಲಿನ ಚೀಟಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, “ಆಗ್ಲಿ ಬುಡಿ ಅತ್ಲಾಗೆ” ಎಂದರು.

ಆ ತಿರುವಿನಲ್ಲಿ ಹಳ್ಳಿಯ ಕರುಗಲ್ಲಿದೆ. ಊರು ಕಟ್ಟಿದ ದಿನ ನೆಟ್ಟ ಕಲ್ಲು ಅದು, ಕೆತ್ತನೆಯಿಲ್ಲ, ಆಕಾರವಿಲ್ಲ. ಒಂದು ಕಾಲಕ್ಕೆ ಸೊಂಟದೆತ್ತರವಿದ್ದದ್ದು ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಮೇಲೆದ್ದು ಈಗ ಮೊಣಕಾಲಿಗೆ ಇಳಿದಿದೆ. ಪಕ್ಕದಲ್ಲಿ ಮೊಬೈಲ್ ರೀಚಾರ್ಜಿನ ಅಂಗಡಿ. ಸಂಕ್ರಾಂತಿಯ ಅರಿಶಿನ ಇನ್ನೂ ಕಲ್ಲಿನ ಮೇಲೆ ಮಾಸಿರಲಿಲ್ಲ. ನಾನು ಮೇಜಿನ ಮೇಲೆ ಗ್ಲೂಕೋಸ್ ನೀರಿನ ಲೋಟಗಳನ್ನು ಜೋಡಿಸುತ್ತಿರುವಾಗ ನಲ್ಲಪ್ಪನವರು ಕಲ್ಲಿನ ಬಳಿ ನಿಂತು, ಅಲ್ಲಿಂದ ರಸ್ತೆಯ ಉದ್ದಕ್ಕೆ ತಮ್ಮ ಬದುವಿನ ನಡಿಗೆಯಲ್ಲಿ ಹನ್ನೆರಡು ಹೆಜ್ಜೆ ಅಳೆದು, ಒಂದು ಗೆರೆ ಎಳೆದು ಬಂದರು.

“ಏನದು?” ಎಂದೆ.

“ಕರುಗಲ್ ಮುಂದೆ ಯಾರೂ ಓಡಂಗಿಲ್ಲ ಸಾ. ದನಾನೂ ನಿದಾನುಕ್ಕೆ ಒಡ್ಕಂಡ್ ಓಗ್ತೀವಿ. ಇಲ್ಲಿಂದ ಆ ಗೆರೆಗಂಟ ನಡೀಬೇಕು.”

“ಅಯ್ಯೋ, ಇದು ಓಟ ಅಲ್ವಾ ನಲ್ಲಪ್ಪನೋರೆ? ಮೊದ್ಲೇ ಕೊಟ್ರೇಶ್ ಅವ್ರಿಗೆ ಹೇಳ್ಬಾರ್ದಿತ್ತಾ?”

ಅವರು ಬಾವುಟದ ಕೋಲನ್ನು ಕೈಯಿಂದ ಕೈಗೆ ಬದಲಿಸಿದರು. “ಏಳಿದ್ರೆ ನಂಬ್ರು ಕಿತ್ಕಂಡ್ಬುಟ್ರೆ? ಅದ್ಕೇ ಸುಮ್ಕಾದೆ. ಅಲ್ದೆ ಸಾ, ಪುಟ್ಟ ಮಕ್ಳು, ಏರಿ ಅತ್ತಿ ಇಳ್ದು ಇಲ್ಲಿಗ್ ಬರೋ ಅಷ್ಟೊತ್ಗೆ ಉಸ್ರು ಸಿಕ್ದೆ ಎಲ್ಲಾ ನಡೀತಿರ್ತವೆ. ನಾನ್ ಏಳೋ ಅಂಗೇ ಇರಾಕಿಲ್ಲ ಬುಡಿ ಅತ್ಲಾಗೆ.”

ಲೆಕ್ಕಾಚಾರ ತಪ್ಪಿರಲಿಲ್ಲ. ಏರಿಯ ಮೇಲೆ ಮಂಜಿನೊಳಗೆ ಕಂಡ ಬಣ್ಣದ ಚುಕ್ಕೆಗಳಲ್ಲಿ ಮುಕ್ಕಾಲುಪಾಲು ಆಗಲೇ ನಿಧಾನಿಸಿದ್ದವು. ಒಂದು ಚುಕ್ಕೆ ಮಾತ್ರ ಬಿಳಿ ಷೂ ಹಾಕಿಕೊಂಡು, ಎಲ್ಲರಿಗಿಂತ ನಲವತ್ತು ಮಾರು ಮುಂದೆ, ಹಸಿದ ಕರುವಿನ ಹಾಗೆ ತಲೆ ಮುಂದೆ ಮಾಡಿ ಬರುತ್ತಿತ್ತು. ನಲ್ಲಪ್ಪನವರ ಲೆಕ್ಕದಲ್ಲಿ ಎಲ್ಲ ಮಕ್ಕಳೂ ಇದ್ದರು. ಹದಿನೈದು ದಿನ ತಾವೇ ತಯಾರು ಮಾಡಿದ ಒಂದು ಮಗುವನ್ನು ಅವರು ಮರೆತಿದ್ದರು.

ನನಗೆ ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಹೆಮ್ಮೆಯಿಂದ ಅರಳಿತು. ತುಟಿಯಲ್ಲಿ ‘ಬಾರೋ, ಬಾರೋ’ ಎಂಬ ಮಾತು ಸದ್ದಿಲ್ಲದೆ ಆಡಿತು. ಆಮೇಲೆ ಅವರು ಕಲ್ಲನ್ನು ನೋಡಿದರು, ಗೆರೆಯನ್ನು ನೋಡಿದರು, ಹುಡುಗನನ್ನು ನೋಡಿದರು. ಗೇಟು ಅಲ್ಲಿಂದ ನೇರಕ್ಕೆ ಕಾಣುತ್ತಿತ್ತು. ಕೊಟ್ರೇಶರು ಕಟ್ಟಿದ ಕೆಂಪು ಟೇಪೂ ಕಾಣುತ್ತಿತ್ತು. ಹುಡುಗ ಹತ್ತು ಮಾರು ದೂರದಲ್ಲಿದ್ದಾಗ ಅವರು ಬಾವುಟವನ್ನು ರೈಲ್ವೆ ಗೇಟಿನ ಹಾಗೆ ಅಡ್ಡ ಇಳಿಸಿದರು.

“ನಡೀಲಾ ಮಗ. ಇಲ್ ನಡೀಬೇಕು.”

“ತಾತಾ, ಬಿಡು! ಹಿಂದೆ ಬರ್ತಿದಾರೆ!”

“ಗೊತ್ತೈತೆ. ನಡಿ.”

ಸಿದ್ಧಾರ್ಥ ಬಾವುಟವನ್ನು ಎರಡೂ ಕೈಯಲ್ಲಿ ತಳ್ಳಿದ. ಅದು ಅಲುಗಲಿಲ್ಲ. ಹಿಂದಿನ ಹೆಜ್ಜೆಗಳ ಸದ್ದು ಹತ್ತಿರವಾಯಿತು. ತಾತನ ಮುಖವನ್ನೊಮ್ಮೆ ನೋಡಿ ಹುಡುಗ ನಡೆಯತೊಡಗಿದ. ಒಂದು, ಎರಡು, ಮೂರು. ಪ್ರತಿ ಹೆಜ್ಜೆಗೂ ಅವನ ಬೆನ್ನು ಅಳುವಿನಿಂದ ಕುಲುಕುತ್ತಿತ್ತು. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಮೂವರು ಹುಡುಗರು ಬಂದರು. ನಲ್ಲಪ್ಪನವರು ಅವರಿಗೂ ಬಾವುಟ ಅಡ್ಡ ಹಿಡಿದು, “ನಡೀರಪ್ಪ, ನಡೀರಿ” ಎಂದರು. ಮೊದಲನೆಯವನು ಬಗ್ಗಿ ಕೆಳಗೆ ನುಸುಳಿದ. ಇನ್ನಿಬ್ಬರೂ ಅವನ ಹಿಂದೆಯೇ ನುಸುಳಿದರು. ಪರರ ಮಕ್ಕಳನ್ನು ಹಿಡಿದು ನಿಲ್ಲಿಸುವ ಕೈ ನಲ್ಲಪ್ಪನವರದಲ್ಲ. ಮೂವರೂ ಸಿದ್ಧಾರ್ಥನನ್ನು ದಾಟಿ ಓಡಿದರು. ಅವನು ಒಂಬತ್ತನೆಯ ಹೆಜ್ಜೆಯಲ್ಲಿದ್ದ. ಹತ್ತು, ಹನ್ನೊಂದು, ಹನ್ನೆರಡು ಮುಗಿಸಿ, ಗೆರೆ ದಾಟಿ, ಮೂಗು ಒರೆಸಿಕೊಂಡು ಓಡಿದ. ನಾಲ್ಕನೆಯವನಾಗಿ ಗೇಟು ಮುಟ್ಟಿದ್ದು ನಮ್ಮಿಬ್ಬರಿಗೂ ಕಂಡಿತು.

ಆಮೇಲೆ ಬಂದ ಮಕ್ಕಳು ನಿಜಕ್ಕೂ ನಡೆದೇ ಬಂದರು. ಬಾವುಟದ ಆಚೆ ಕಲ್ಲು, ಕಲ್ಲಿನ ಮೇಲೆ ಹೂವು, ಪಕ್ಕದಲ್ಲಿ ಹಿತ್ತಾಳೆ ಗುಂಡಿಯ ತಾತ. ಇದೂ ಆಟದ ಒಂದು ಭಾಗವೇ ಇರಬೇಕೆಂದು ಅವರು ಗಟ್ಟಿಯಾಗಿ ಒಂದು ಎರಡು ಮೂರು ಎಂದು ಕೂಗುತ್ತಾ ಹನ್ನೆರಡು ಹೆಜ್ಜೆ ನಡೆದರು. ದುಬಾರಿ ಷೂಗಳ ಅಪ್ಪಂದಿರೂ ನಡೆದರು. ಕಟ್ಟಕಡೆಗೆ ಸ್ಫೂರ್ತಿ, ಒಂದು ಕೈ ತಾಯಿಯ ಹಿಡಿತದಲ್ಲಿ, ಇನ್ನೊಂದು ಕೈ ಕಣ್ಣಿನ ಮೇಲೆ, ಬಿಕ್ಕುತ್ತಾ ಬಂದಳು. ಎತ್ತಿಕೊಳ್ಳುವವರನ್ನು ತಡೆಯಲೆಂದೇ ನಿಯುಕ್ತನಾದ ನಾನು ಹಿಂದುಮುಂದು ನೋಡದೆ ಅವಳನ್ನು ಹೆಗಲಿಗೇರಿಸಿಕೊಂಡು ನಾಲ್ಕು ಹೆಜ್ಜೆ ಓಡಿಯೇಬಿಟ್ಟೆ. ನಲ್ಲಪ್ಪನವರು ನನ್ನನ್ನು ನೋಡಿದರು, ಅಷ್ಟೆ. ನಾನು ನಿಂತೆ, ಮಗಳನ್ನು ಕೆಳಗಿಳಿಸಿದೆ, ಮೂವರೂ ನಡೆದೆವು.

ಗೇಟಿನ ಬಳಿ ಕಪ್ಪುಗಳನ್ನು ಕೊಡುತ್ತಿದ್ದಾಗ ಸಿದ್ಧಾರ್ಥ ಎಲ್ಲರಿಗೂ ಸಿಕ್ಕ ಪದಕವನ್ನು ಕೊರಳಿಂದ ತೆಗೆದು ಅಜ್ಜಿಯ ಕೈಗೆ ಕೊಟ್ಟುಬಿಟ್ಟಿದ್ದ. ಸೊಣ್ಣಮ್ಮ ಗಂಡನಿಗೆ ಕೇಳುವಂತೆಯೇ ನನ್ನ ಹೆಂಡತಿಯ ಬಳಿ ಹೇಳಿದರು: “ನೋಡ್ದ್ರಾ ಅಕ್ಕ, ಓಡಾದ್ ಕಲ್ಸಿದ್ದೂ ಇವ್ರೇ, ಅಡ್ಡ ನಿಂತ್ಕಂಡಿದ್ದೂ ಇವ್ರೇ. ನನ್ ಮಗೀಗೆ ಕಪ್ ಬರ್ತಿತ್ತು.” ನಲ್ಲಪ್ಪನವರು ಉಪ್ಪಿಟ್ಟಿನ ತಟ್ಟೆಯನ್ನು ಮುಟ್ಟಲಿಲ್ಲ. ಕೊಟ್ರೇಶರಿಗೆ ವಿಷಯ ತಿಳಿದಾಗ ಅವರ ಮುಖ ಬಿಳುಚಿತು. “ಅಲ್ರಿ ಯಜಮಾನ್ರೆ, ಒಂದು ಮಾತು ನಂಗ ಹೇಳಿದ್ರೆ ದಾರಿನೇ ಬದಲಾಯಿಸ್ತಿದ್ದೆನಲ್ರಿ! ನಂಬರ್ ಯಾಕ ಕಿತ್ಕೋತಿದ್ದೆ ನಾನು?” ಎಂದು ಅವರು ನೊಂದು ಕೇಳಿದರು. ಅದೇ ತಮ್ಮ ತಪ್ಪು ಎಂದು ನಲ್ಲಪ್ಪನವರು ತಲೆಯಾಡಿಸಿದರು. ಈ ಸಲ ‘ಬುಡಿ ಅತ್ಲಾಗೆ’ ಬರಲಿಲ್ಲ.

ಹತ್ತಕ್ಕೆ ಬಸ್ಸು ಹೊರಟಿತು. ಜಿಗಣಿಯ ದಾರಿಯುದ್ದಕ್ಕೂ ಮಕ್ಕಳ ಹಾಡು, ಚಿಪ್ಸಿನ ಪೊಟ್ಟಣ, ಕಿಟಕಿಯ ಜಗಳ, ಇಬ್ಬರ ವಾಂತಿ. ಸಿದ್ಧಾರ್ಥ ತಾತನಿಂದ ಆದಷ್ಟು ದೂರ, ಡ್ರೈವರನ ಹಿಂದಿನ ಸೀಟಿನಲ್ಲಿ ಸ್ಫೂರ್ತಿಯ ಪಕ್ಕ ಕುಳಿತ. ತಾತ ಕೋಟಿನ ಕಡಲೆಕಾಯಿಯನ್ನು ಎಲ್ಲ ಮಕ್ಕಳಿಗೂ ಹಂಚಿ ಅವನ ಬಳಿಗೆ ಬಂದಾಗ ಅವನು ಅಂಗೈ ಮುಚ್ಚಿಕೊಂಡ. ಮೃಗಾಲಯದಲ್ಲಿ ಮಕ್ಕಳು ಆನೆ ನೋಡಿದವು, ಮೊಸಳೆ ಕದಲಲಿಲ್ಲವೆಂದು ದೂರಿದವು, ಐಸ್‌ಕ್ರೀಮು ಬೀಳಿಸಿಕೊಂಡವು. ಜಿಂಕೆಗಳ ಬೇಲಿಯ ಎದುರಿನ ಕಲ್ಲುಬೆಂಚಿನಲ್ಲಿ ನಾನೂ ನಲ್ಲಪ್ಪನವರೂ ಕುಳಿತೆವು. ನಮಗೆ ಬೆನ್ನು ಮಾಡಿ, ಬೇಲಿಯ ತಂತಿ ಹಿಡಿದು ಸಿದ್ಧಾರ್ಥ ನಿಂತಿದ್ದ.

“ಅವನೊಬ್ಬನ್ನ ಬಿಟ್ಟುಬಿಡಬಹುದಿತ್ತು” ಎಂದೆ ನಾನು. ಮಗಳನ್ನು ಎತ್ತಿಕೊಂಡು ಓಡಿದವನಿಗೆ ಹಾಗೆ ಹೇಳುವ ಹಕ್ಕು ಇದ್ದೀತೆಂದು ನನ್ನ ಭಾವನೆ.

ಅವರು ಜಿಂಕೆಗಳಿಂದ ಕಣ್ಣು ತೆಗೆಯದೆಯೇ ಹೇಳಿದರು: “ನಂಗೂ ಆವಾಗ ಅವನಷ್ಟೇ ವಯಸ್ಸು ಸಾ. ನಮ್ಮಪ್ಪ ಬಾವಿ ತೋಡ್ತಿತ್ತು. ಮಣ್ ಕುಸೀತು. ನಾನ್ ಊರ್ಗೆ ಓಡ್ದೆ. ಕರುಗಲ್ ಮುಂದೆ ಓಡ್ಕಂಡ್ ಬರೋನು ಸಾವಿನ್ ಸುದ್ದಿ ತರೋನೊಬ್ನೇ, ಅದು ನಮ್ ಊರ್ಗೆಲ್ಲಾ ಗೊತ್ತು. ನಾನಿನ್ನೂ ಬಾಯೇ ಬುಟ್ಟಿರ್ಲಿಲ್ಲ, ನಮ್ಮವ್ವ ಬಾಗ್ಲಾಗೆ ಕುಸ್ದು ಕುಂತ್ಬುಟ್ಲು. ಅವತ್ತಿಂದ ಆ ಕಲ್ ಮುಂದೆ ಯಾವ್ ಮಗ ಓಡಿದ್ರೂ ನನ್ನೆದೆ ನಿಂತೋಯ್ತದೆ. ನಂ ಮಗ ಅಂದ್ರೆ ಇನ್ನೂ ಜಾಸ್ತಿ.”

ಬೇಲಿಯ ಬಳಿ ನಿಂತ ಹುಡುಗ ತಿರುಗಿ ನೋಡಲಿಲ್ಲ. ಆದರೆ ತಂತಿಯನ್ನು ಅಲ್ಲಾಡಿಸುತ್ತಿದ್ದ ಅವನ ಕೈ ನಿಂತಿತ್ತು.

ಬಸ್ಸು ಮರಳುವಾಗ ಮಕ್ಕಳಲ್ಲಿ ಅರ್ಧ ನಿದ್ದೆಯಲ್ಲಿದ್ದವು. ಬಿಸಿಲು ಕೆಂಪಾಗಿ ಕೆರೆಯ ಮೇಲೆ ಬಿದ್ದಿತ್ತು. ಏರಿ ಇಳಿದ ಮೇಲೆ ಖಾಲಿ ರಸ್ತೆ ಕಂಡು ಡ್ರೈವರು ಉತ್ಸಾಹದಿಂದ ವೇಗ ಹೆಚ್ಚಿಸಿದ. ಆಗ ಮುಂದಿನ ಸೀಟಿನಿಂದ ಒಂದು ಕೀರಲು ದನಿ ಎದ್ದಿತು.

“ಅಣ್ಣಾ, ಸ್ಲೋ! ಸ್ಲೋ ಮಾಡಿ ಅಣ್ಣ! ಕಲ್ಲು ಬಂತು!”

“ಎಲ್ಲೋ? ಹಂಪ್ ಇದ್ಯಾ?” ಎಂದ ಡ್ರೈವರು ಬ್ರೇಕು ತುಳಿದು.

“ಹಂಪ್ ಅಲ್ಲ. ಇಲ್ಲಿ ಓಡಂಗಿಲ್ಲ.” ಸಿದ್ಧಾರ್ಥ ಎದ್ದು ನಿಂತಿದ್ದ. ಸ್ಫೂರ್ತಿ ಅವನ ಪಕ್ಕದಲ್ಲಿ ಎದ್ದು, “ಒಂದು!” ಎಂದು ಕೂಗಿದಳು. ನಿದ್ದೆಯಲ್ಲಿದ್ದವರೂ ಕಣ್ಣುಜ್ಜಿಕೊಂಡು ಎದ್ದು, “ಎರಡು! ಮೂರು!” ಎಂದು ದನಿಗೂಡಿಸಿದರು. ಕಪ್ಪು ಗೆದ್ದ ಮೂವರೂ ಕೂಗಿದರು, ಎಲ್ಲರಿಗಿಂ‍ತ ಗಟ್ಟಿಯಾಗಿ. ಜನ ತುಂಬಿದ ಆ ಬಸ್ಸು, ಮೊಣಕಾಲೆತ್ತರದ ಒಂದು ಕಲ್ಲಿನ ಮುಂದೆ, ಹನ್ನೆರಡರವರೆಗೂ ಆಮೆಯ ಹಾಗೆ ತೆವಳಿತು. ಕೊನೆಯ ಸೀಟಿನಲ್ಲಿ ನಲ್ಲಪ್ಪನವರು ಕಿಟಕಿಯ ಆಚೆ ನೋಡುತ್ತಾ ಕುಳಿತಿದ್ದರು. ಕೈ ಎಡಜೇಬಿಗೆ ಹೋಯಿತು, ಕಡಲೆಕಾಯಿ ಮುಗಿದಿತ್ತು, ಕೈ ಅಲ್ಲೇ ಉಳಿಯಿತು. ಸಿದ್ಧಾರ್ಥ ಸೀಟುಗಳನ್ನು ಹಿಡಿದುಕೊಂಡು ಹಿಂದಕ್ಕೆ ಬಂದು, ತಾತನ ಪಕ್ಕ ಕುಳಿತು, ಮುಖ ಊದಿಸಿಕೊಂಡೇ ಹೇಳಿದ:

“ಮುಂದಿನ್ ವರ್ಷ ಬೇರೆ ರೋಡಲ್ಲಿ ಇಡ್ಸು.”

“ಇಡ್ಸಾನ ಬುಡು ಅತ್ಲಾಗೆ” ಎಂದರು ನಲ್ಲಪ್ಪನವರು. ಅವರ ದನಿ ಒಡೆದಿತ್ತು. ಹುಡುಗ ಕೋಟಿನ ತೋಳಿಗೆ ತಲೆಯಾನಿಸಿ ಗೇಟು ಬರುವಷ್ಟರಲ್ಲಿ ನಿದ್ದೆ ಹೋದ.

ನಗರವೇ ತಮ್ಮ ಹೊಲಕ್ಕೆ ಬಂದು ಇಳಿದಾಗ ಅದರೊಡನೆ ಜಗಳವಾಡದೆ, ಅದರ ಗೇಟು ಕಾದು, ಅದಕ್ಕೆ ಹಾಲು ಹಾಕಿ, ಮೇಲೆ ಕೊಸರನ್ನೂ ಕೊಟ್ಟು ಬಾಳುತ್ತಿರುವ ಇಂಥವರು ಈ ಹೊಸೂರು ರಸ್ತೆಯ ಎರಡೂ ಬದಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಕಟ್ಟಳೆಗಳನ್ನು ಕಂಡು ನಾವು ಮುಗುಳ್ನಕ್ಕು ಮುಂದೆ ಹೋಗುತ್ತೇವೆ. ನಿಯಮ ಮಾಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಮೇಷ್ಟ್ರಾಗಿ ನಾನೂ ಮಾಡಿದ್ದೇನೆ. ನಮ್ಮ ನಿಯಮಗಳೆಲ್ಲ ಊರಿನ ಮಕ್ಕಳಿಗೆ. ನಮ್ಮ ಮಗು ಅಳುತ್ತಾ ಬಂದಾಗ ಹೆಗಲು ತಾನಾಗಿ ಬಗ್ಗುತ್ತದೆ, ಅದಕ್ಕೆ ನಾವು ಪ್ರೀತಿಯೆಂದು ಹೆಸರಿಡುತ್ತೇವೆ. ನಲ್ಲಪ್ಪನವರಂಥವರು ಯಾರ ಮೇಲೂ ಏನನ್ನೂ ಹೇರುವುದಿಲ್ಲ. ಬಾವುಟದ ಕೆಳಗೆ ನುಸುಳುವವರನ್ನು ಹಿಡಿಯುವುದೂ ಇಲ್ಲ. ಅವರು ಅಡ್ಡ ನಿಲ್ಲುವುದು ಗೆಲ್ಲಲೇಬೇಕೆಂದು ತಾವೇ ಹಂಬಲಿಸಿದ ತಮ್ಮ ಮಗುವಿಗೆ ಮಾತ್ರ, ಅದೂ ಅವನಿಗಿಂತ ಹೆಚ್ಚು ತಾವು ಒಳಗೇ ಅತ್ತುಕೊಂಡು. ಅದಕ್ಕೇ ಇರಬೇಕು, ಬೆಳಿಗ್ಗೆ ಆ ಹುಡುಗನನ್ನು ಒಂದು ಬಾವುಟ ತಡೆಯಬೇಕಾಯಿತು. ಸಂಜೆ ಅವನೇ ಎದ್ದು ನಿಂತು ಇಡೀ ಬಸ್ಸನ್ನು ನಡೆಸಿದ.